ಸನ್ಮಾನ್ಯ ಸೋಮಾರಿಯವರಿಗೆ

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ಎಂಟು ಸಾಲು ಅಳಿಸಿದ. ಮಾಡಿದ ತಪ್ಪು ಅಷ್ಟೇ. ಯಾರ ಜೇಬಿಗೂ ಕೈ ಹಾಕಿರಲಿಲ್ಲ, ಯಾರ ಮನೆಯ ಗಾಜನ್ನೂ ಒಡೆದಿರಲಿಲ್ಲ. ಎಂಟು ಸಾಲು ಗುರುತು ಮಾಡಿ ಒಂದು ಗುಂಡಿ ಒತ್ತಿದ್ದ. ಆ ಸಾಲುಗಳು ಇಷ್ಟು ವರ್ಷ ಎಲ್ಲಿ ಅಲೆಯುತ್ತಿದ್ದವೋ, ಈ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ, ವಿಳಾಸ ಕೇಳಿಕೊಂಡು ಬಂದ ನೆಂಟರ ಹಾಗೆ, ನೇರವಾಗಿ ಅವನ ಮೇಜಿನ ಮುಂದೆ ಬಂದು ನಿಂತವು.

ಆಫೀಸಿನಲ್ಲಿ ಅವನಿಗೆ ‘ಪರವಾಗಿಲ್ಲ’ ಎಂದೇ ಹೆಸರು. ಕುರ್ಚಿಯ ಕಾಲು ಮುರಿದರೆ ಪರವಾಗಿಲ್ಲ, ರಜೆ ಸಿಗದಿದ್ದರೆ ಪರವಾಗಿಲ್ಲ, ಅವನ ಚಹಾವನ್ನು ಇನ್ನೊಬ್ಬರು ಕುಡಿದರೂ ಪರವಾಗಿಲ್ಲ. ಹೋದ ವರ್ಷ ಮೂರು ದಿನ ಬಾರದೆ ನಾಲ್ಕನೆಯ ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಕೂತಾಗ, ಬಾಗಿಲ ಬಳಿ ಫೋನ್ ನೋಡಿಕೊಳ್ಳುವ ಅಕ್ಕ “ಏನಾಯ್ತಪ್ಪಾ?” ಎಂದು ಕೇಳಿದ್ದಳು. “ಮನೇಲಿ ಸ್ವಲ್ಪ ತೊಂದರೆ ಇತ್ತು. ಪರವಾಗಿಲ್ಲ” ಎಂದಿದ್ದ. ಅವಳೂ ಪರವಾಗಿಲ್ಲವೆಂದೇ ನಂಬಿದ್ದಳು.

ಹೊಲಿಗೆ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ ಐದು ಜನರ ಆಫೀಸು ಅದು. ಔಷಧಿಯ ಸೀಸೆಗೆ ಅಂಟಿಸುವ ಚೀಟಿಯನ್ನು ಮುದ್ರಿಸುವ ಪ್ರೋಗ್ರಾಂ ಅವರ ಸರಕು. ಕೇಳಲು ಸಣ್ಣ ಕೆಲಸ. ಆದರೆ ಚೀಟಿ ಎರಡು ಬೆರಳಗಲ, ವೈದ್ಯರ ಮಾತು ಮಾರುದ್ದ. ಸಾಲನ್ನು ಎಲ್ಲೆಂದರಲ್ಲಿ ಮುರಿಯುವ ಹಾಗಿಲ್ಲ. ‘ಊಟವಾದ ಮೇಲೆ ಅರ್ಧ ಮಾತ್ರೆ’ ಎಂಬಲ್ಲಿ ‘ಅರ್ಧ’ ಅಂಚಿನಾಚೆ ಬಿದ್ದುಹೋದರೆ ನುಂಗುವವನ ಗತಿಯೇನು?

ಈ ಸಾಲು ಮುರಿಯುವ ಕೆಲಸಕ್ಕೆ ಮೊದಲು ಅವರು ಒಂದು ಲೈಬ್ರರಿಯನ್ನು ಕೊಂಡಿದ್ದರು. ಲೈಬ್ರರಿ ಎಂದರೆ ಬೇರೆ ಯಾರೋ ಬರೆದಿಟ್ಟ ಸಿದ್ಧ ತುಂಡು. ನಮ್ಮ ಪ್ರೋಗ್ರಾಮಿಗೆ ಸೇರಿಸಿಕೊಂಡರಾಯಿತು. ಅದನ್ನು ಮಾರಿದ ಕಂಪನಿ ಬಾಗಿಲು ಹಾಕಿತು. ಒಳಗೆ ಏನಿದೆ ಎಂದು ತೆರೆದು ನೋಡಲು ಅವರು ಯಾರಿಗೂ ಬಿಟ್ಟಿರಲಿಲ್ಲವಾದ್ದರಿಂದ, ಹೊಸ ಕಂಪ್ಯೂಟರು ಬಂದ ದಿನ ಅದು ನಿಂತಲ್ಲೇ ನಿಂತಿತು. “ನೀವೇ ಒಂದು ಬರೆದುಬಿಡ್ರೀ” ಎಂದರು ಮಾಲೀಕರು. ಪರವಾಗಿಲ್ಲ ಮೂರು ವಾರ ಬೆವರು ಸುರಿಸಿದ. ಒತ್ತಕ್ಷರಗಳು ಮೆಟ್ಟಿಲು ತಪ್ಪಿದವರಂತೆ ಕೆಳಗಿನ ಸಾಲಿಗೆ ಬೀಳುತ್ತಲೇ ಇದ್ದವು. ಕೊನೆಗೆ ಇಂಟರ್ನೆಟ್ಟಿನ ಯಾವುದೋ ಮೂಲೆಯಲ್ಲಿ, ಯಾರೋ ಪುಣ್ಯಾತ್ಮ ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದ ಒಂದು ಲೈಬ್ರರಿ ಸಿಕ್ಕಿತು. ತಂದು ಸೇರಿಸಿದ. ಸಂಜೆಯೊಳಗೆ ಒಂದು ಅಕ್ಷರವೂ ಬೀಳದ ಹಾಗಾಯಿತು. ಅದರ ನೆತ್ತಿಯ ಮೇಲೆ ಎಂಟು ಸಾಲಿನ ಒಕ್ಕಣೆ ಇತ್ತು. ಮಾಲೀಕರು ನೋಡಿದರೆ ಮೂರು ವಾರ ಏನು ಮಾಡಿದಿರಿ ಎಂದು ಕೇಳಿಯಾರು ಎಂದು ಅಳುಕಿ ಅಳಿಸಿಬಿಟ್ಟ.

“ಇದನ್ನ ನೀವೇ ಬರೆದ್ರಾ?” ಎಂದರು ಮಾಲೀಕರು.

“ಅಯ್ಯೋ, ಪರವಾಗಿಲ್ಲ ಬಿಡಿ ಸಾರ್” ಎಂದ.

ಅದನ್ನು ಅವರು ವಿನಯ ಎಂದುಕೊಂಡರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಟ್ಟಿದ ಚಪ್ಪಾಳೆಯನ್ನು ವಾಪಸು ಕೊಡುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಈಗ ಒಂದು ದೊಡ್ಡ ಆಸ್ಪತ್ರೆ ಆ ಪ್ರೋಗ್ರಾಮನ್ನು ತನ್ನ ಔಷಧಿ ಕೋಣೆಗಳಿಗೆಲ್ಲ ಕೇಳಿತ್ತು. ಜೊತೆಗೊಂದು ನಮೂನೆ ಕಳಿಸಿತ್ತು: ಇದರೊಳಗೆ ಯಾರು ಯಾರು ಬರೆದ ಲೈಬ್ರರಿಗಳಿವೆ, ಯಾವುದಕ್ಕೆ ಏನು ಷರತ್ತು, ಇವತ್ತು ಸಂಜೆ ಐದರೊಳಗೆ ಪಟ್ಟಿ ಕೊಡಿ. ಪಟ್ಟಿ ಮಾಡುವ ಕೆಲಸ ಪರೀಕ್ಷೆಯ ಹುಡುಗಿಯದು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಅವಳ ಸಂಬಳದ ಕೆಲಸ. ಅಕ್ಕಿಯಲ್ಲಿ ಕಲ್ಲು ಸಿಗದಿದ್ದರೆ ಅಕ್ಕಿಯ ಮೇಲೇ ಅನುಮಾನ ಪಡುವ ಜಾತಿ.

“ಸಾರ್, ನಿಮ್ಮ ಸಾಲು ಮುರಿಯೋ ಲೈಬ್ರರಿ ಇಂಟರ್ನೆಟ್ಟಲ್ಲಿರೋ ಇನ್ನೊಂದರ ಹಳೇ ಪ್ರತಿ ಜೊತೆ ತೊಂಬತ್ತೊಂಬತ್ತು ಪರ್ಸೆಂಟ್ ಹೊಂದ್ತಾ ಇದೆ” ಎಂದಳು.

“ಉಳಿದ ಒಂದು ಪರ್ಸೆಂಟ್?” ಎಂದರು ಮಾಲೀಕರು ಆಸೆಯಿಂದ.

“ಮೇಲಿನ ಎಂಟು ಸಾಲು. ಅಲ್ಲಿದೆ, ಇಲ್ಲಿಲ್ಲ.”

ಗಟ್ಟಿಯಾಗಿ ಓದಿದಳು: “ಇದನ್ನು ಬರೆದವನು ಸೋಮಾರಿ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ. ಇದನ್ನು ಸೇರಿಸಿಕೊಂಡ ಪ್ರೋಗ್ರಾಮನ್ನು ಇನ್ನೊಬ್ಬರಿಗೆ ಕೊಡುವಾಗ ಅದರ ಒಳಗಿನ ಮೂಲ ಬರಹವನ್ನೂ ಹೀಗೆಯೇ ತೆರೆದು ಕೊಡಿ. ನಾನು ಬಾಗಿಲು ಹಾಕಿಲ್ಲ, ನೀವೂ ಹಾಕಬೇಡಿ. ಈ ಸಾಲುಗಳನ್ನು ಅಳಿಸಬೇಡಿ.”

“ಯಾರ್ರೀ ಈ ಸೋಮಾರಿ?”

“ಅಡ್ಡಹೆಸರು ಸಾರ್. ಈ ಪ್ರಪಂಚದಲ್ಲಿ ಎಲ್ಲರೂ ಹೀಗೇ ಏನೋ ಒಂದು ಇಟ್ಕೋತಾರೆ.”

ಮಾಲೀಕರು ಪರವಾಗಿಲ್ಲನ ಕಡೆ ನೋಡಿದರು. ಅವನು ಕೀಲಿಮಣೆಯ ಮೇಲಿನ ಧೂಳನ್ನು ನೋಡಿದ.

“ಆಯ್ತು, ತೆರೆದು ಕೊಟ್ರೆ ಏನಾಗುತ್ತೆ?” ಎಂದು ಮಾರಾಟದವನು ಕೇಳಿದ. ಅವನು ಮಾರುವುದು ಏನೆಂದು ಅವನಿಗೆ ಎಂದೂ ಸರಿಯಾಗಿ ಗೊತ್ತಿರಲಿಲ್ಲ. ಅದರಿಂದಲೇ ಚೆನ್ನಾಗಿ ಮಾರುತ್ತಿದ್ದ.

“ಆಗಲ್ಲ” ಎಂದಳು ಹುಡುಗಿ. “ಬಾರ್‌ಕೋಡಿಗೆ ನಾವು ಕೊಂಡಿರೋ ಲೈಬ್ರರಿ ಇದೆಯಲ್ಲ, ಅದರ ಷರತ್ತು ಏನಂದ್ರೆ, ಬಾಗಿಲು ತೆಗೀರಿ ಅನ್ನೋ ಯಾವುದರ ಜೊತೆಗೂ ನನ್ನ ಸೇರಿಸಬೇಡಿ ಅಂತ. ಒಬ್ಬನಿಗೆ ಕಿಟಕಿ ತೆಗೆದ್ರೆ ನಿದ್ದೆ, ಇನ್ನೊಬ್ಬನಿಗೆ ಮುಚ್ಚಿದ್ರೆ ನಿದ್ದೆ. ಇಬ್ಬರನ್ನೂ ನಾವು ಆರು ವರ್ಷದಿಂದ ಒಂದೇ ಹಾಸಿಗೇಲಿ ಮಲಗಿಸಿದ್ದೀವಿ.”

“ಮಲಗಿಸಿದ್ದು ನಾವಲ್ಲ, ಅವರು” ಎಂದರು ಮಾಲೀಕರು, ಪರವಾಗಿಲ್ಲನ ಕಡೆ ಬೆರಳು ತೋರಿಸಿ. ಆಮೇಲೆ ದನಿ ತಗ್ಗಿಸಿ, ಒಂದೊಂದೇ ಮಾತು ಇಳಿಸಿದರು. “ನೋಡ್ರೀ, ಐದು ಗಂಟೆಯೊಳಗೆ ಇದು ಸರಿಹೋಗಬೇಕು. ಹೋಗದಿದ್ರೆ ಆ ಕುರ್ಚೀಲಿ ನಾಳೆ ಬೇರೆ ಯಾರಾದ್ರೂ ಕೂರ್ತಾರೆ.”

ಪರವಾಗಿಲ್ಲ ಮೊದಲ ಸಲ ಪರವಾಗಿಲ್ಲ ಎನ್ನಲಿಲ್ಲ. ಮನೆಯಲ್ಲಿ ತಾಯಿ ಒಬ್ಬಳೇ. ಮನೆ ನಡೆಯುತ್ತಿದ್ದದ್ದು ಈ ಕುರ್ಚಿಯ ಮೇಲೆ.

ಮೊದಲು ಇನ್ನೊಂದು ಮುಕ್ತ ಲೈಬ್ರರಿ ಹುಡುಕಿದರು. ಸಿಕ್ಕಿತು. ಅದರ ಷರತ್ತು ಬಲು ಸೌಮ್ಯ: ಬರೆದವರ ಹೆಸರೊಂದು ಉಳಿಸಿ, ಉಳಿದದ್ದು ನಿಮ್ಮಿಷ್ಟ. ಯಾರ ಜೊತೆ ಬೇಕಾದರೂ ಹೊಂದಿಕೊಳ್ಳುವ ಸ್ವಭಾವ. ಸೇರಿಸಿ ಮೊದಲ ಚೀಟಿ ಮುದ್ರಿಸಿದರು. ‘ಮಕ್ಕಳಿಗೆ ಕೊಡಬಾರದು’ ಎಂದಿರಬೇಕಾದಲ್ಲಿ ‘ಮಕ್ಕಳಿಗೆ ಕೊಡ’ ಎಂದಷ್ಟೇ ಬಂತು. ‘ಬಾರದು’ ಕಾಗದದ ಅಂಚಿನಾಚೆ ಎಲ್ಲಿಗೋ ಹೊರಟುಹೋಗಿತ್ತು. ಎರಡನೆಯದರಲ್ಲಿ ‘ಕಣ್ಣು’ ಎಂಬುದರ ಒತ್ತಕ್ಷರ ಕೆಳಗಿನ ಸಾಲಿಗಿಳಿದು ‘ಮೂಗು’ ಎಂಬುದರ ಪಕ್ಕ ಕೂತಿತ್ತು.

“ಸ್ವಭಾವ ಒಳ್ಳೇದು, ಕೈಲಾಗಲ್ಲ” ಎಂದಳು ಹುಡುಗಿ, ಪರವಾಗಿಲ್ಲನನ್ನೇ ನೋಡುತ್ತ.

ಉಳಿದದ್ದು ಒಂದೇ ದಾರಿ. ಬರೆದವನು ಒಪ್ಪಿದರೆ ತನ್ನ ಷರತ್ತನ್ನು ಇವರೊಬ್ಬರಿಗೆ ಸಡಿಲ ಮಾಡಬಹುದು. ಆತನ ಇ-ಮೇಲ್ ವಿಳಾಸ ಆ ಎಂಟನೆಯ ಸಾಲಿನಲ್ಲೇ ಇತ್ತು. ಮಾಲೀಕರು ಹೇಳಿದರು, ಪರವಾಗಿಲ್ಲ ಬರೆದ: “ಸನ್ಮಾನ್ಯ ಸೋಮಾರಿಯವರಿಗೆ ಗೌರವಪೂರ್ವಕ ವಂದನೆಗಳು. ತಮ್ಮ ಪರಿಶ್ರಮಕ್ಕೆ ನಾವು ಮಾರುಹೋಗಿದ್ದೇವೆ...”

ಕಳಿಸಿದ ಎರಡು ನಿಮಿಷಕ್ಕೆ ಅವನ ಫೋನು ಬಡಿದುಕೊಂಡಿತು. ತಾಯಿ.

“ದೊಡ್ಡೋನೆ, ಒಳಗಡೆ ಅದು ಕೂಗ್ತಾ ಇದೆ ಕಣೋ...”

“ಅಮ್ಮಾ, ತಲೆ ಮೇಲೆ ಕೆಲಸ ಬಿದ್ದಿದೆ. ಆಮೇಲೆ ಮಾಡ್ತೀನಿ.”

ಹನ್ನೆರಡಾದರೂ ಉತ್ತರ ಬರಲಿಲ್ಲ. “ನೀವು ಬರೆದದ್ದು ಸಪ್ಪೆ” ಎಂದು ಮಾರಾಟದವನು ಇನ್ನೊಂದು ಬರೆದ. ಅದರಲ್ಲಿ ಸೋಮಾರಿಯವರು ಸೂರ್ಯನಾಗಿದ್ದರು, ಇವರೆಲ್ಲ ಸೂರ್ಯಕಾಂತಿ. “ಹೊಗಳಿದ್ರೆ ಅನುಮಾನ ಬರುತ್ತೆ” ಎಂದು ಹುಡುಗಿ ಮೂರನೆಯದನ್ನು ನ್ಯಾಯಾಲಯದ ನೋಟೀಸಿನ ಹಾಗೆ ಬರೆದಳು. ಫೋನ್ ಅಕ್ಕ ಮೇಜಿನಿಂದಲೇ ಕೂಗಿದಳು.

“ಏನಪ್ಪಾ, ನಿಮ್ಮ ತಾಯಿ! ಮನೇಲಿ ಏನೋ ಮೂರು ಸಲ ಕೂಗ್ತಂತೆ!”

“ಬೆಕ್ಕಿರುತ್ತೆ” ಎಂದ ಮಾರಾಟದವನು.

“ಕುಕ್ಕರ್ರೀ. ಆರಿಸೋಕೆ ಹೇಳಿ” ಎಂದರು ಮಾಲೀಕರು.

ಅಕ್ಕ ಫೋನಿಗೆ ಹಾಗೇ ಹೇಳಿದಳು. ಆಮೇಲೆ ತಲೆ ಕೆರೆದುಕೊಂಡು, “ಆರಿಸಬೇಡ ಅಂತ ಅವನು ಹೇಳಿದ್ದಾನೆ, ನಾನು ಆರಿಸಲ್ಲ ಅಂತಾರಲ್ಲ” ಎಂದಳು. ಪರವಾಗಿಲ್ಲನ ಕಿವಿಗೆ ಅದು ಬೀಳಲಿಲ್ಲ. ಅವನು ಬೀಳುತ್ತಿದ್ದ ಒತ್ತಕ್ಷರಗಳನ್ನು ಹಿಡಿಯುತ್ತ ಕೂತಿದ್ದ.

ಎರಡೂವರೆಯೊಳಗೆ ಒಟ್ಟು ಹತ್ತು ಪತ್ರ ಹೋದವು. ಸೋಮಾರಿಯವರು ಹೆಸರಿಗೆ ತಕ್ಕ ಹಾಗಿದ್ದರು.

“ಊರು ಗೊತ್ತಾದ್ರೂ ಹೋಗಿ ಕಾಲು ಹಿಡೀಬಹುದಿತ್ತು” ಎಂದರು ಮಾಲೀಕರು.

“ಇರಿ ಸಾರ್. ಲೈಬ್ರರಿ ಜೊತೆ ಪರೀಕ್ಷೆಯ ಕಡತ ಇರುತ್ತೆ. ಸರಿಯಾಗಿ ಮುರಿಯುತ್ತಾ ಅಂತ ನೋಡೋಕೆ ಉದ್ದುದ್ದ ವಾಕ್ಯ ಹಾಕಿರ್ತಾರೆ. ಏನಾದ್ರೂ ಸುಳಿವು ಸಿಗಬಹುದು” ಎಂದು ಹುಡುಗಿ ತೆರೆದಳು. ಆರು ವರ್ಷದ ಹಿಂದೆ ಪರವಾಗಿಲ್ಲ ಬೇಕಾದ ಕಡತವೊಂದನ್ನೇ ಎತ್ತಿಕೊಂಡು ಬಂದಿದ್ದ. ಇದನ್ನು ನೋಡಿರಲೇ ಇಲ್ಲ. ಹತ್ತೊಂಬತ್ತು ವಾಕ್ಯಗಳಿದ್ದವು. ಹುಡುಗಿ ಓದತೊಡಗಿದಳು.

“ಒಂದು. ಎದ್ದೇಳೋ ಸೋಮಾರಿ ಹನ್ನೊಂದು ಗಂಟೆಯಾಯ್ತು ನಿನ್ನ ವಯಸ್ಸಿನಲ್ಲಿ ನಾನು ಎರಡು ಬಸ್ಸು ಬದಲಾಯಿಸಿ ಕೆಲಸಕ್ಕೆ ಹೋಗುತ್ತಿದ್ದೆ ನೀನು ಇನ್ನೂ ಕಂಬಳಿಯೊಳಗೆ ಕಾಲು ಹುಡುಕುತ್ತಿದ್ದೀಯಲ್ಲ.”

ಎಲ್ಲರೂ ನಕ್ಕರು. ಹುಡುಗಿ ಹುರುಪಿನಿಂದ ದನಿ ಬದಲಾಯಿಸಿ, ಕೈ ಬೀಸಿ ಓದಿದಳು.

“ಎರಡು. ಆ ಡಬ್ಬಿಯ ಮುಂದೆ ಕೂತು ಬೆನ್ನು ಬಿಲ್ಲಾಯಿತೇ ಹೊರತು ಒಂದು ದಿನವಾದರೂ ಮನೆಗೆ ನಿನ್ನಿಂದ ಏನಾದರೂ ಉಪಯೋಗ ಆಗಿದೆಯಾ ಕಿತ್ತುಹೋದ ಚಪ್ಪಲಿಗೆ ದಾರ ಸುತ್ತಿಕೊಂಡು ಓಡಾಡುವವನು ಜಗತ್ತಿಗೆ ಏನು ಉಪಕಾರ ಮಾಡುತ್ತಾನಂತೆ.”

“ಯಾರಪ್ಪಾ ಈ ಬೈಯೋ ಮಹಾಶಯ! ಅಲ್ಪವಿರಾಮಕ್ಕೂ ಉಸಿರು ತಗೊಳ್ಳಲ್ಲ” ಎಂದು ಮಾರಾಟದವನು ಹೊಟ್ಟೆ ಹಿಡಿದುಕೊಂಡ.

“ಇವರಣ್ಣ ಇರಬೇಕು. ಪಾಪ, ಅಣ್ಣನ ಬೈಗುಳಾನೇ ಪರೀಕ್ಷೆಗೆ ಹಾಕ್ಕೊಂಡಿದ್ದಾರೆ. ಉದ್ದ ವಾಕ್ಯ ಹುಡುಕೋಕೆ ಮನೆಯಿಂದ ಆಚೆ ಹೋಗೋದೇ ಬೇಕಾಗಿಲ್ಲ ನೋಡಿ” ಎಂದಳು ಹುಡುಗಿ.

ಪರವಾಗಿಲ್ಲನೂ ನಗಲು ಬಾಯಿ ತೆರೆದಿದ್ದ. ಅದು ಹಾಗೆಯೇ ತೆರೆದಿತ್ತು. ಚಪ್ಪಲಿಯ ದಾರ ನೀಲಿ ಬಣ್ಣದ್ದು. ವಾಕ್ಯದಲ್ಲಿ ಆ ಮಾತಿರಲಿಲ್ಲ. ಅವನಿಗೆ ಗೊತ್ತಿತ್ತು.

“ಹದಿನಾಲ್ಕು” ಎಂದು ಹುಡುಗಿ ಎದೆಯುಬ್ಬಿಸಿ ಶುರುಮಾಡಿದಳು. “ಇವತ್ತು ನಮ್ಮ ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು ಗೊತ್ತಾ ಔಷಧಿ ಚೀಟಿಯ ಸಾಲು ಮುರಿಯುವ ಲೈಬ್ರರಿ ನಾನೇ ಬರೆದೆ ಅಂತ ಅಂಥಾದ್ದೊಂದು ನಿನ್ನ ಕೈಯಲ್ಲಿ ಜನ್ಮದಲ್ಲಿ...”

ಅವಳ ಕೈ ಗಾಳಿಯಲ್ಲೇ ನಿಂತಿತು. ಕೆಳಗಿನ ಹೊಲಿಗೆ ಯಂತ್ರದ ಸದ್ದು ನೆಲದೊಳಗಿಂದ ಕೇಳಿಸುತ್ತಿತ್ತು.

ಆ ವಾಕ್ಯದ ಪಕ್ಕದಲ್ಲಿ, ಆ ಚಪ್ಪಾಳೆಯ ಮರುವಾರದ ತಾರೀಕಿನಲ್ಲಿ, ಬದಲಾವಣೆಯ ಟಿಪ್ಪಣಿ ಒಂದಿತ್ತು. ಅದನ್ನು ಹುಡುಗಿ ಮೆಲ್ಲಗೆ, ತನ್ನ ಸ್ವಂತ ದನಿಯಲ್ಲಿ ಓದಿದಳು: “ಖಾಲಿ ಜಾಗವಿಲ್ಲದ ಉದ್ದ ಪದ ಬಂದರೆ ಅಣ್ಣನ ಆಫೀಸಿನಲ್ಲಿ ಸಿಕ್ಕಿಕೊಳ್ಳುತ್ತದಂತೆ. ಸರಿಮಾಡಿದ್ದೇನೆ.”

ಅವನಿಗೆ ನೆನಪಾಯಿತು. ಚಪ್ಪಾಳೆ ತಟ್ಟಿದ ದಿನ ರಾತ್ರಿ ಊಟದಲ್ಲಿ ತಮ್ಮ ತಟ್ಟೆಯಿಂದ ತಲೆಯೆತ್ತಿ, “ಉದ್ದ ಪದ ಬಂದ್ರೂ ಸರಿಯಾಗಿ ಮುರಿಯುತ್ತಾ ಅಣ್ಣಾ?” ಎಂದಷ್ಟೇ ಕೇಳಿದ್ದ. ಮುಖದಲ್ಲಿ ಸಣ್ಣ ನಗು. “ಅಲ್ಲೇ ಸಿಕ್ಕಾಕೊಳ್ಳುತ್ತೆ. ಅದೆಲ್ಲ ನಿನಗೆ ಅರ್ಥ ಆಗಲ್ಲ, ಉಣ್ಣು” ಎಂದಿದ್ದ ಇವನು.

ಮಾಲೀಕರು ಮೇಜು ಕುಟ್ಟಿದರು. “ಅಂದ್ರೆ ಸೋಮಾರಿಯವರು ನಿಮ್ಮ ಸ್ವಂತ ತಮ್ಮ! ಅಯ್ಯೋ ನಿಮ್ಮ, ಬೆಳಿಗ್ಗೆಯಿಂದ ಊರೆಲ್ಲ ಹುಡುಕ್ತಾ ಇದ್ದೀವಲ್ರೀ! ಓಡಿ, ಸಹಿ ಹಾಕಿಸ್ಕೊಂಡು ಬನ್ನಿ!”

“ಅವನಿಲ್ಲ ಸಾರ್.”

“ಎಲ್ಲಿಗೆ ಹೋಗಿದ್ದಾರೆ? ಎಷ್ಟು ಹೊತ್ತಿಗೆ ಬರ್ತಾರೆ?”

“ಹೋದ ವರ್ಷ ತೀರಿಕೊಂಡ. ಎರಡೇ ದಿನ ಜ್ವರ.”

ಫೋನ್ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. “ಆ ಮೂರು ದಿನ...” ಎಂದಳು. ಅವನು ತಲೆಯಾಡಿಸಿದ.

ಮಾಲೀಕರು ಕೆಟ್ಟವರಲ್ಲ. ತಲೆ ತಗ್ಗಿಸಿ ಒಂದು ನಿಮಿಷ ನಿಂತರು. ಒಂದು ನಿಮಿಷವಾಯಿತೆಂದು ತಿಳಿಯಲು ಗಡಿಯಾರ ನೋಡಬೇಕಾಯಿತು; ನೋಡಿದರೆ ಮೂರೂಕಾಲು.

“ಹಾಗಾದ್ರೆ... ವಾರಸುದಾರರು?”

“ಅಮ್ಮ.”

“ಇನ್ನೂ ಸುಲಭ ಆಯ್ತಲ್ಲ” ಎಂದು ಬಾಯಿ ತಪ್ಪಿ ಅಂದರು. ಒಪ್ಪಿಗೆ ಪತ್ರ ಮುದ್ರಿಸಿ ಅವನ ಕೈಗಿಟ್ಟರು.

ಮನೆ ಹದಿನೈದು ನಿಮಿಷದ ದಾರಿ. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಗೇಟಿಗೆ ಆತುಕೊಂಡು ನಿಂತಿದ್ದರು. ಹತ್ತು ವರ್ಷ ಅವರು ಅಲ್ಲಿಂದಲೇ “ಚಿಕ್ಕೋನಿಗೆ ಎಲ್ಲಾದ್ರೂ ಕೆಲಸ ಆಯ್ತಾ?” ಎಂದು ಕೇಳುತ್ತಿದ್ದರು, ಹತ್ತು ವರ್ಷ ತಾಯಿ “ಎಲ್ಲಿ ಬಂತು, ಸುಮ್ನೆ ಕೂತಿದ್ದಾನೆ” ಎನ್ನುತ್ತಿದ್ದಳು.

ತಾಯಿ ಹಿಂದಿನ ಕೋಣೆಯ ಬಾಗಿಲಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು.

“ಹತ್ತು ಸಲ ಕೂಗ್ತು ಕಣೋ, ನಾನು ಎಣಿಸ್ದೆ. ಯಾವಾಗ್ಲೂ ತಿಂಗಳಿಗೆ ಒಂದೋ ಎರಡೋ. ನೀನು ಜಾಹೀರಾತು ಅಂದಿದ್ದೆ.”

ಆರಿಸಬೇಡವೆಂದು ಚಿಕ್ಕೋನು ಹೇಳಿಹೋಗಿದ್ದ ಕಂಪ್ಯೂಟರನ್ನು ತಾಯಿ ಆರಿಸಿರಲಿಲ್ಲ. ಅವನು ಮೌಸ್ ಮುಟ್ಟಿದ. ಪರದೆ ಬೆಳಗಿತು. ಮೇಲೆ ಸಾಲಾಗಿ ಹತ್ತು ಪತ್ರ, ಎಲ್ಲವೂ ಮೂರನೆಯ ಮಹಡಿಯಿಂದ. ಸನ್ಮಾನ್ಯ ಸೋಮಾರಿಯವರಿಗೆ. ಸೂರ್ಯ. ಸೂರ್ಯಕಾಂತಿ. ಅವುಗಳ ಕೆಳಗೆ ಒಂದು ವರ್ಷದಿಂದ ತೆರೆಯದೆ ಉಳಿದವು. ನಿಮ್ಮ ಲೈಬ್ರರಿಯಿಂದ ನಮ್ಮ ಶಾಲೆಯ ಪಾಠಪುಸ್ತಕ ಅಚ್ಚಾಯಿತು. ಬಸ್ಸಿನ ಫಲಕಗಳಲ್ಲಿ ಊರಿನ ಹೆಸರು ಈಗ ತುಂಡಾಗುವುದಿಲ್ಲ, ತುಂಬಾ ಉಪಕಾರ. ನಾಲ್ಕು ತಿಂಗಳಿಂದ ನಿಮ್ಮ ಸುದ್ದಿಯಿಲ್ಲ, ಹುಷಾರಾಗಿದ್ದೀರಾ?

ಒಂದೊಂದನ್ನೂ ಓದಿ ಹೇಳಿದ. ತಾಯಿ ಬಾಗಿಲಿಗೆ ಒರಗಿ ಕೇಳಿದಳು.

“ಇಷ್ಟು ಜನಕ್ಕೆ ಬೇಕಾಗಿದ್ನಾ ಇವನು? ಅವತ್ತು ಯಾರೂ ಬರಲಿಲ್ಲವಲ್ಲೋ. ನಾಲ್ಕೇ ಜನ ಇದ್ವಿ.”

“ಅವರಿಗೆ ಇವನ ಹೆಸರು ಗೊತ್ತಿರಲಿಲ್ಲಮ್ಮ.”

“ಮತ್ತೆ ಇದರ ಮೇಲೆ ಏನಂತ ಹಾಕಿದ್ದಾನೆ?”

ಅವನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ. “ಸೋಮಾರಿ ಅಂತ.”

“ಅದು ನೀನಿಟ್ಟ ಹೆಸರಲ್ವಾ” ಎಂದಳು ತಾಯಿ. ದೂರಲಿಲ್ಲ. ಯಾರು ತಂದ ಪಾತ್ರೆ ಎಂದು ಗುರುತಿಸುವ ಹಾಗೆ ಹೇಳಿದಳು.

ಆಮೇಲೆ ಅವನ ಕೈಯ ಕಾಗದ ನೋಡಿ ಕೇಳಿದಳು, ಅವನು ಹೇಳಿದ. ಚಿಕ್ಕೋನು ಬರೆದದ್ದನ್ನು ಆಫೀಸಿನವರು ಬಾಗಿಲು ಹಾಕಿ ಇಟ್ಟುಕೊಳ್ಳಬಹುದು, ಹೆಸರು ಹಾಕಬೇಕಾಗಿಲ್ಲ, ಅದಕ್ಕೆ ಒಪ್ಪಿಗೆ.

“ಸಹಿ ಹಾಕದಿದ್ರೆ ನಿನ್ನ ಕೆಲಸ ಹೋಗುತ್ತಾ?”

“ಹೋಗುತ್ತೆ.”

“ತಾ ಮತ್ತೆ, ಪೆನ್ನು ಎಲ್ಲಿ? ಅವನಿದ್ದಿದ್ರೂ ನಿನಗೋಸ್ಕರ ಹಾಕ್ತಿದ್ದ.”

ನಿಜ. ಹಾಕುತ್ತಿದ್ದ. ಅದೇ ಸಣ್ಣ ನಗು ನಕ್ಕು ಹಾಕುತ್ತಿದ್ದ. ತಾಯಿ ಕಾಗದವನ್ನು ಮೇಜಿನ ಮೇಲೆ ನೇರ ಮಾಡಿ, ಬಗ್ಗಿ, ತನ್ನ ಹೆಸರಿನ ಮೊದಲ ಅಕ್ಷರಕ್ಕೆ ಪೆನ್ನು ಊರಿದಳು. ಅವನು ಕಾಗದದ ಮೇಲೆ ಅಂಗೈ ಇಟ್ಟ.

“ಬೇಡಮ್ಮ.”

“ಪರವಾಗಿಲ್ಲ ಕಣೋ.”

“ಹಾಗನ್ನಬೇಡಮ್ಮ” ಎಂದ.

ತಮ್ಮನ ಕುರ್ಚಿಯಲ್ಲಿ ಕೂತು, ತಮ್ಮನ ವಿ‌ಳಾಸದಿಂದ ಹತ್ತು ಪತ್ರಕ್ಕೂ ಒಂದೇ ಉತ್ತರ ಬರೆದ: “ಅಳಿಸಿದ ಎಂಟು ಸಾಲು ವಾಪಸು ಹಾಕಿ, ಬಾಗಿಲು ತೆರೆಯಿರಿ. ಬೇರೆ ಯಾವ ಅನುಮತಿಯೂ ಇಲ್ಲ. ಇಂತಿ, ಸೋಮಾರಿಯ ಅಣ್ಣ.” ಅವುಗಳಲ್ಲಿ ಒಂದು ಉತ್ತರ ಅವನ ಜೇಬಿನ ಫೋನಿಗೇ ಬಂದು ಸದ್ದು ಮಾಡಿತು.

ಐದಕ್ಕೆ ಹತ್ತು ನಿಮಿಷವಿರುವಾಗ ಮಾಲೀಕರು ಫೋನ್ ಮಾಡಿದರು. ಆಸ್ಪತ್ರೆ ಕೈಬಿಟ್ಟಿತೆಂದರು, ಆರು ವರ್ಷ ಹಾವಿಗೆ ಹಾಲೆರೆದೆನೆಂದರು, ನಾಳೆಯಿಂದ ಈ ಕಡೆ ತಲೆ ಹಾಕಬೇಡಿ ಎಂದರು. ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಎಲ್ಲೂ ನಿಲ್ಲಿಸದೆ. ಅವನು ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟ.

ಆಮೇಲೆ ಪರೀಕ್ಷೆಯ ಕಡತ ತೆರೆದು, ಹತ್ತೊಂಬತ್ತರ ಕೆಳಗೆ ‘ಇಪ್ಪತ್ತು’ ಎಂದು ಹಾಕಿ, ಮಾಲೀಕರು ಬೈದದ್ದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಾಲಾಗಿ ಹೊಡೆದ. ಗುಂಡಿ ಒತ್ತಿದ. ಸಾಲು ಎರಡು ಬೆರಳಗಲದ ಒಂಬತ್ತು ತುಂಡಾಗಿ, ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಕೂತಿತು. ಒಂದು ಅಕ್ಷರವೂ ಬಿದ್ದಿರಲಿಲ್ಲ. ಅವನು ಹತ್ತಿರ ಸರಿದು ಕೂತ. ಬೆನ್ನು ತಾನಾಗಿಯೇ ಬಿಲ್ಲಾಯಿತು.

ಹೊರಗೆ ಗೇಟಿನ ಬಳಿಯಿಂದ ಪೋಸ್ಟ್‌ಮಾಸ್ಟರ ದನಿ ಕೇಳಿತು.

“ಏನಮ್ಮಾ, ದೊಡ್ಡೋನೂ ಇಷ್ಟು ಬೇಗ ಬಂದು ಆ ಡಬ್ಬಿ ಮುಂದೆ ಕೂತ? ಇವನಿಗೂ ಕೆಲಸ ಇಲ್ವಾ?”

“ಶ್, ಮೆಲ್ಲಗೆ ಮಾತಾಡಿ” ಎಂದಳು ತಾಯಿ, ಕಿಟಕಿಯ ಕಡೆ ತಿರುಗಿ ನೋಡಿ. “ಕೆಲಸ ಮಾಡ್ತಾ ಇದ್ದಾನೆ.”